ತಾಯಿ ಕಾರ್ಡಿನಲ್ಲಿ ನಿಜವಾದ ವಯಸ್ಸು ಬರೆಸಿ

ತಾಯಿ ಕಾರ್ಡ್ ಮಾಡಿಸುವಾಗ ಸಿಸ್ಟರ್ ಮೊದಲು ಕೇಳುವುದರಲ್ಲಿ ವಯಸ್ಸೂ ಒಂದು. ಹುಡುಗಿ ಬಾಯಿ ತೆರೆಯುವ ಮೊದಲೇ ಜೊತೆಗೆ ಬಂದ ಅತ್ತೆಯೋ ಅವ್ವನೋ ‘ಹತ್ತೊಂಬತ್ತು ನಡದಾವ್ರಿ ಅಕ್ಕಾರ’ ಎಂದುಬಿಡುತ್ತಾರೆ. ನಿಜಕ್ಕೂ ಆಕೆಗೆ 16 ಇರಬಹುದು, 17 ಇರಬಹುದು. ಬಾಲ್ಯವಿವಾಹದ ಕೇಸಾದೀತು, ಪೊಲೀಸರು ಮನೆ ಬಾಗಿಲಿಗೆ ಬಂದಾರು ಎಂಬ ಭಯಕ್ಕೆ ಸೇರಿಸಿದ ಈ ಎರಡು ಮೂರು ವರ್ಷ, ಮುಂದೆ ಆಕೆಯನ್ನು ನೋಡುವ ಪ್ರತಿ ವೈದ್ಯರ ಕಣ್ಣಿಗೂ ಮಣ್ಣೆರಚುತ್ತದೆ. ಹದಿಹರೆಯದ ಬಸುರಿ ಅಪಾಯದ ಗುಂಪಿಗೆ ಸೇರಿದವಳು ಎಂದು ಗುರುತಿಸಲು ಕಾರ್ಡಿಗೆ ಕೆಂಪು ಸ್ಟಿಕ್ಕರ್ ಅಂಟಿಸುವ ಪದ್ಧತಿಯಿದೆ. ವಯಸ್ಸು ಸುಳ್ಳಾದರೆ ಸ್ಟಿಕ್ಕರ್ ಬೀಳುವುದಿಲ್ಲ, ಹೆಚ್ಚಿನ ತಪಾಸಣೆಯೂ ನಡೆಯುವುದಿಲ್ಲ. ಹೆರಿಗೆ ಯಾವ ಆಸ್ಪತ್ರೆಯಲ್ಲಾಗಬೇಕು ಎಂಬ ಯೋಚನೆಯನ್ನು ಮೊದಲೇ ಮಾಡುವವರೂ ಇರುವುದಿಲ್ಲ.

ಇದು ಅಪರೂಪದ ಸಂಗತಿಯೂ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಅದರ ಹಿಂದಿನ, 2015–16ರ ಸಮೀಕ್ಷೆಯಲ್ಲಿ ಇದು ಶೇ 21.4 ಇತ್ತು. ಅಂದರೆ ನಾಲ್ಕೈದು ವರ್ಷದಲ್ಲಿ ಕದಲಿದ್ದು ಇಲ್ಲವೆನ್ನುವಷ್ಟು. ಸಮೀಕ್ಷೆಯ ಹೊತ್ತಿಗೆ ತಾಯಂದಿರಾಗಿದ್ದ ಇಲ್ಲವೇ ಬಸುರಿಯಾಗಿದ್ದ 15–19ರ ಹುಡುಗಿಯರ ಪ್ರಮಾಣ ಮಾತ್ರ ಶೇ 7.8ರಿಂದ 5.4ಕ್ಕೆ ಇಳಿದಿದೆ. ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡ ಲೆಕ್ಕ ಇದು. ಆಸ್ಪತ್ರೆಯಲ್ಲೇ ವಯಸ್ಸು ಮುಚ್ಚಿಡುವ ಮನೆಯವರು ಸಮೀಕ್ಷೆಯವರಿಗೆ ನಿಜ ಹೇಳಿರುತ್ತಾರೆಂದು ನಂಬುವುದು ನನಗಂತೂ ಕಷ್ಟ.

ಮದುವೆಯಿಂದ ಬಸುರಾದವಳಿರಬಹುದು, ಪ್ರೀತಿಯಿಂದ ಆದವಳಿರಬಹುದು, ಯಾರದೋ ದೌರ್ಜನ್ಯದಿಂದ ಆದವಳಿರಬಹುದು. ಕಾನೂನಿಗೆ ಈ ವ್ಯತ್ಯಾಸಗಳು ಮುಖ್ಯ, ಆಕೆಯ ಮನಸ್ಸಿಗೆ ಇನ್ನೂ ಮುಖ್ಯ. ಆದರೆ ಆಕೆಯ ದೇಹಕ್ಕೆ ಬರುವ ತೊಂದರೆಗಳು ಮೂರರಲ್ಲೂ ಒಂದೇ.

ಹದಿನಾಲ್ಕೂ ಹತ್ತೊಂಬತ್ತೂ ಒಂದೇ ಅಲ್ಲ

ಹದಿಹರೆಯದ ಬಸಿರು ಎಂದು ಒಂದೇ ಚೀಲಕ್ಕೆ ತುಂಬುವುದು ಸರಿಯಲ್ಲ. ಚೆನ್ನಾಗಿ ಉಂಡುಟ್ಟು ಬೆಳೆದ, ಮೂರು ತಿಂಗಳೊಳಗೆ ತಪಾಸಣೆಗೆ ಬಂದ 19ರ ಹುಡುಗಿಯ ಹೆರಿಗೆ 22ರವಳ ಹೆರಿಗೆಗಿಂತ ಬಹಳ ಬೇರೆಯಾಗುವುದಿಲ್ಲ. 18–19ರವರಲ್ಲಿ ಕಾಣುವ ತೊಂದರೆಗಳಲ್ಲಿ ದೊಡ್ಡ ಪಾಲು ಬಡತನದ್ದು, ರಕ್ತಹೀನತೆಯದ್ದು, ತಡವಾಗಿ ಆಸ್ಪತ್ರೆಗೆ ಬಂದದ್ದು. 16ಕ್ಕಿಂತ ಕೆಳಗಿನವಳ ಮಾತು ಬೇರೆ. ಅಲ್ಲಿ ವಯಸ್ಸೇ ಅಪಾಯ.

ಹುಡುಗಿ ಮೈನೆರೆದ ಮೇಲೆ ಎರಡು ಮೂರು ವರ್ಷಕ್ಕೆ ಎತ್ತರ ಬೆಳೆಯುವುದು ಹೆಚ್ಚುಕಡಿಮೆ ನಿಲ್ಲುತ್ತದೆ. ‘ಆಳೆತ್ತರ ಆಗ್ಯಾಳ, ಇನ್ನೇನು’ ಎಂದು ಮನೆಯವರು ಅಂದುಕೊಳ್ಳುವುದು ಆಗಲೇ. ಆದರೆ ಸೊಂಟದ ಮೂಳೆ, ಅಂದರೆ ಮಗುವಿನ ತಲೆ ಹಾದು ಬರಬೇಕಾದ ದಾರಿ, ಎತ್ತರ ನಿಂತ ಮೇಲೂ ಅಗಲವಾಗುತ್ತಿರುತ್ತದೆ. ಹೊರಗಿನ ಕಣ್ಣಿಗೆ ಇದು ಕಾಣದು. 14–15ಕ್ಕೆ ಹೆರಿಗೆಯಾದರೆ ಮಗುವಿನ ತಲೆ ದಾರಿಯಲ್ಲೇ ಸಿಕ್ಕಿಕೊಳ್ಳಬಹುದು. ನೋವು ದಿನಗಟ್ಟಲೆ ಎಳೆದರೆ ಗರ್ಭಕೋಶ ಹರಿಯಬಹುದು, ಮಗು ಒಳಗೇ ಉಸಿರುಗಟ್ಟಬಹುದು. ಗಂಟೆಗಟ್ಟಲೆ ತಲೆ ಒತ್ತಿದ ಜಾಗದಲ್ಲಿ ಮೂತ್ರಚೀಲ ಮತ್ತು ಜನನಮಾರ್ಗದ ನಡುವಿನ ಗೋಡೆ ಸತ್ತು ತೂತಾಗುವುದೂ ಉಂಟು. ಆಗ ಮೂತ್ರ ತಡೆಯಿಲ್ಲದೆ ಸೋರುತ್ತಿರುತ್ತದೆ. ಇದಕ್ಕೆ ಫಿಸ್ಟುಲಾ ಎನ್ನುತ್ತಾರೆ. ಶಸ್ತ್ರಚಿಕಿತ್ಸೆಯಿಂದ ಬಹುಪಾಲು ಸರಿಹೋಗುವ ತೊಂದರೆ ಇದು. ಆದರೂ ವಾಸನೆಗೂ ನಾಚಿಕೆಗೂ ಹೆದರಿ, ಯಾರಿಗೂ ಹೇಳದೆ ಮೂಲೆ ಹಿಡಿಯುವ ಹೆಣ್ಣುಮಕ್ಕಳಿದ್ದಾರೆ. ಹೆರಿಗೆಯ ನಂತರ ಮೂತ್ರ ಸೋರುತ್ತಿದ್ದರೆ ಜಿಲ್ಲಾ ಆಸ್ಪತ್ರೆಯ ಹೆರಿಗೆ ವಿಭಾಗಕ್ಕೆ ತೋರಿಸಲೇಬೇಕು.

ಇನ್ನೊಂದು ತೊಂದರೆ ಊಟದ್ದು. ತಾನೇ ಇನ್ನೂ ಬೆಳೆಯುತ್ತಿರುವ ಹುಡುಗಿಯ ಹೊಟ್ಟೆಯಲ್ಲಿ ಮಗು ಬೆಳೆಯುವುದೆಂದರೆ ಒಂದೇ ತಟ್ಟೆಗೆ ಇಬ್ಬರು ಕೈಹಾಕಿದ ಹಾಗೆ. ಕಬ್ಬಿಣ, ಕ್ಯಾಲ್ಸಿಯಂ, ಪ್ರೋಟೀನ್ ಇಬ್ಬರಿಗೂ ಬೇಕು, ಇಬ್ಬರಿಗೂ ಸಾಲದು. ತಾಯಿಯ ಬೆಳವಣಿಗೆ ಕುಂಠಿತವಾಗುತ್ತದೆ, ಮಗು ಕಡಿಮೆ ತೂಕದ್ದಾಗುತ್ತದೆ.

‘ನಮ್ಮ ಅಜ್ಜಿಗೆ ಹದಿಮೂರಕ್ಕೇ ಮದುವೆಯಾಗಿತ್ತು, ಹತ್ತು ಹೆತ್ತು ಎಂಬತ್ತರವರೆಗೆ ಗಟ್ಟಿಯಾಗಿದ್ದಳು’ ಎಂಬ ಮಾತು ಪ್ರತಿ ಊರಲ್ಲೂ ಕೇಳಿಬರುತ್ತದೆ. ಬದುಕಿ ಉಳಿದವರಷ್ಟೇ ಅಜ್ಜಿಯರಾದರು. ಚೊಚ್ಚಲ ಹೆರಿಗೆಯಲ್ಲೇ ಹೋದವಳನ್ನು ನೆನೆಸಿಕೊಳ್ಳಲು ಮೊಮ್ಮಕ್ಕಳಿಲ್ಲ. ಆ ಗಟ್ಟಿ ಅಜ್ಜಿಯ ಹತ್ತರಲ್ಲಿ ಎಷ್ಟು ಉಳಿದವು ಎಂದೂ ಒಮ್ಮೆ ಕೇಳಿ ನೋಡಿ.

ರಕ್ತ ಮತ್ತು ಬಿಪಿ

ಎಳೆಯ ತಾಯಂದಿರನ್ನು ಹೆಚ್ಚಾಗಿ ಕಾಡುವುದು ರಕ್ತಹೀನತೆ ಮತ್ತು ಬಿಪಿ. ಎರಡೂ ಪಿಎಚ್‌ಸಿಯಲ್ಲೇ ಪತ್ತೆಯಾಗುವಂಥವು, ಖರ್ಚಿಲ್ಲದೆ ಪತ್ತೆಯಾಗುವಂಥವು. ಹಾಗಾಗಿಯೇ ಇವುಗಳಿಂದ ಜೀವ ಹೋಗುವುದು ನೋಡಿದರೆ ಸಿಟ್ಟು ಬರುತ್ತದೆ.

ಕರ್ನಾಟಕದ 15–19ರ ಹುಡುಗಿಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಬಸಿರಿಗೆ ಮುಂಚೆಯೇ ರಕ್ತ ಕಡಿಮೆ. ಬಸುರಿಯ ಎಚ್‌ಬಿ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿದ್ದರೆ ತೀವ್ರ. ಹೆರಿಗೆಯಲ್ಲಿ ಎಲ್ಲರಿಗೂ ಸ್ವಲ್ಪ ರಕ್ತ ಹೋಗುತ್ತದೆ. ಎಚ್‌ಬಿ 12 ಇರುವವಳು ಅದನ್ನು ತಾಳಿಕೊಳ್ಳುತ್ತಾಳೆ. 6 ಇರುವವಳು ಅಷ್ಟಕ್ಕೇ ಕುಸಿಯುತ್ತಾಳೆ. ಮೂರನೇ ತಿಂಗಳಲ್ಲಿ ಗೊತ್ತಾದರೆ ಗುಳಿಗೆಯಿಂದಲೇ ಏರಿಸಬಹುದು, ಏರದಿದ್ದರೆ ಡ್ರಿಪ್‌ನಲ್ಲಿ ಕಬ್ಬಿಣಾಂಶ ಕೊಡುತ್ತಾರೆ. ಎಂಟನೇ ತಿಂಗಳಲ್ಲಿ ಗೊತ್ತಾದರೆ ರಕ್ತದ ಬಾಟಲಿಗೆ ಓಡಾಡಬೇಕಾಗುತ್ತದೆ.

ಸರ್ಕಾರ ಕೊಡುವ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ ಇರುತ್ತದೆ. ಬಸುರಿಯಾಗಿದ್ದಾಗ ದಿನಕ್ಕೊಂದರಂತೆ 180 ದಿನ, ಹೆರಿಗೆಯ ಮೇಲೆ ಮತ್ತೆ 180 ದಿನ ನುಂಗಬೇಕು. ರಕ್ತ ಕಡಿಮೆಯಿದ್ದರೆ ವೈದ್ಯರು ದಿನಕ್ಕೆ ಎರಡು ಹೇಳುತ್ತಾರೆ. ಈ ಗುಳಿಗೆ ತಿಂದರೆ ಕೂಸು ಕಪ್ಪಾಗುತ್ತದೆಂಬ ಮಾತಿಗೆ ಬೆಲೆ ಕೊಡಬೇಡಿ. ಕಪ್ಪಾಗುವುದು ಮಲ, ಅದೂ ಗುಳಿಗೆ ನಿಲ್ಲಿಸುವವರೆಗೆ ಮಾತ್ರ. ಹೊಟ್ಟೆ ತೊಳೆಸಿದರೆ ರಾತ್ರಿ ಊಟದ ಮೇಲೆ ನುಂಗಿ. ಚಹಾ, ಕಾಫಿಯ ಜೊತೆ ಬೇಡ, ಅವು ಕಬ್ಬಿಣ ಹೀರುವುದನ್ನು ತಡೆಯುತ್ತವೆ. ನಿಂಬೆಹಣ್ಣಿನ ಶರಬತ್ತು, ನೆಲ್ಲಿಕಾಯಿ ಒಳ್ಳೆಯದು. ಕ್ಯಾಲ್ಸಿಯಂ ಗುಳಿಗೆಯನ್ನು ಇದರ ಜೊತೆ ಸೇರಿಸದೆ ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಬೇಕು. ಜಂತುಹುಳುವಿನ ಗುಳಿಗೆಯೊಂದನ್ನು ನಾಲ್ಕನೇ ತಿಂಗಳು ಶುರುವಾದ ಮೇಲೆ ಕೊಡುತ್ತಾರೆ.

ಬಿಪಿಯ ವಿಷಯಕ್ಕೆ ಇನ್ನೂ ಹೆಚ್ಚು ಗಮನ ಬೇಕು. ವಿಶ್ವ ಆರೋಗ್ಯ ಸಂಸ್ಥೆ 29 ದೇಶಗಳ ಆಸ್ಪತ್ರೆಗಳಲ್ಲಿ ನಡೆಸಿದ ಅಧ್ಯಯನದಲ್ಲಿ, 20–24ರ ತಾಯಂದಿರಿಗೆ ಹೋಲಿಸಿದರೆ 10–19ರವರಲ್ಲಿ ಫಿಟ್ಸ್ ಬರುವ ಎಕ್ಲಾಂಪ್ಸಿಯಾ, ಹೆರಿಗೆಯ ನಂತರದ ಗರ್ಭಕೋಶದ ಸೋಂಕು, ಮೈಯೆಲ್ಲ ಹರಡುವ ಸೋಂಕು ಹೆಚ್ಚು ಎಂದು ಕಂಡುಬಂತು. ಮೊದಲ ಬಸಿರಿನಲ್ಲಿ ಬಿಪಿ ಏರುವ ಸಂಭವ ಹೆಚ್ಚು. ಹದಿಹರೆಯದವಳದ್ದು ಸಾಮಾನ್ಯವಾಗಿ ಮೊದಲ ಬಸಿರೇ. 20 ವಾರ ದಾಟಿದ ಮೇಲೆ ಬಿಪಿ 140/90 ಮುಟ್ಟಿತು, ಮೂತ್ರದಲ್ಲಿ ಪ್ರೋಟೀನ್ ಬಂತು ಎಂದರೆ ಪ್ರಿ-ಎಕ್ಲಾಂಪ್ಸಿಯಾ. 160/110 ಆದರೆ ತುರ್ತು, ನಾಳೆಗೆ ಕಾಯುವಂತಿಲ್ಲ.

ಈ ಕಾಯಿಲೆ ಬಹಳ ದಿನ ಸದ್ದಿಲ್ಲದೆ ಇರುತ್ತದೆ. ಹುಡುಗಿ ಚೆನ್ನಾಗಿಯೇ ಓಡಾಡಿಕೊಂಡಿರುತ್ತಾಳೆ. ಸಂಜೆ ಕಾಲು ಬಾತರೆ ‘ಬಸುರಿಗೆ ಕಾಲು ಬಾಯೋದು ಇದ್ದದ್ದೇ’ ಎಂದು ಬಿಟ್ಟುಬಿಡುತ್ತಾರೆ. ಕಾಲಿನ ಬಾವು ಹಲವರಿಗೆ ಇದ್ದದ್ದೇ, ನಿಜ. ಮುಖ ಮತ್ತು ಕೈ ಬಾತು ಬಳೆ, ಉಂಗುರ ಬಿಗಿಯಾದರೆ, ಗುಳಿಗೆಗೂ ಬಗ್ಗದ ತಲೆನೋವು ಬಂದರೆ, ಕಣ್ಣು ಮಂಜಾದರೆ ಅಥವಾ ಮಿಂಚು ಹೊಡೆದಂತಾದರೆ, ಎದೆಗುಂಡಿಗೆಯ ಕೆಳಗೆ ನೋವು ಕಾಣಿಸಿಕೊಂಡರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು. ಫಿಟ್ಸ್ ಬಂದರೆ ದೆವ್ವ ಮೆಟ್ಟಿಕೊಂಡಿತೆಂದು ನಿಂಬೆಹಣ್ಣು ಇಳಿಸುತ್ತ ಕೂರಬಾರದು. ಎಡಮಗ್ಗುಲಿಗೆ ಮಲಗಿಸಿ, ಬಾಯಿಗೆ ನೀರು, ಚಮಚ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ. ಇದನ್ನು ನಿಲ್ಲಿಸುವ ಮ್ಯಾಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಹಳೆಯ, ಅಗ್ಗದ ಔಷಧ. ಅದು ಸಿಗುವ ಕಡೆಗೆ ಹುಡುಗಿ ತಲುಪಬೇಕು, ಅಷ್ಟೆ.

ಬಿಪಿ ಏರುವ ಸಾಧ್ಯತೆ ಹೆಚ್ಚಿರುವವರಿಗೆ ವೈದ್ಯರು ಮೂರು ತಿಂಗಳು ತುಂಬುವ ಹೊತ್ತಿಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಶುರುಮಾಡುವುದುಂಟು. ಐದನೇ ತಿಂಗಳಲ್ಲಿ ಮೊದಲ ಬಾರಿ ಬಂದವಳಿಗೆ ಅದರ ಪ್ರಯೋಜನ ಪೂರ್ತಿ ಸಿಗುವುದಿಲ್ಲ. ನೀವಾಗಿಯೇ ಅಂಗಡಿಯಿಂದ ತಂದು ಕೊಡಬೇಡಿ.

ಬೇಗ ಬಂದರೆ ಏನು ಲಾಭ

ಎಳೆಯ ಹುಡುಗಿಯರಿಗೆ ಮುಟ್ಟು ಸರಿಯಾಗಿ ತಿಂಗಳಿಗೊಮ್ಮೆ ಬರುವುದಿಲ್ಲ, ಕೊನೆಯ ಮುಟ್ಟಿನ ತಾರೀಕೂ ನೆನಪಿರುವುದಿಲ್ಲ. ಹಾಗಾಗಿ ಎಷ್ಟು ತಿಂಗಳು ಎಂಬುದೇ ಅಂದಾಜಾಗುತ್ತದೆ. ಮೂರು ತಿಂಗಳೊಳಗೆ ಒಂದು ಸ್ಕ್ಯಾನಿಂಗ್ ಆದರೆ ಹೆರಿಗೆಯ ತಾರೀಕು ಹೆಚ್ಚುಕಡಿಮೆ ನಿಖರವಾಗಿ ಸಿಗುತ್ತದೆ. ಮುಂದೆ ನೋವು ಕಾಣಿಸಿಕೊಂಡಾಗ ಅದು ಅವಧಿಗೆ ಮುಂಚಿನದೋ, ಮಗು ಬೆಳೆದಿಲ್ಲವೋ, ದಿನ ಮೀರಿದೆಯೋ ಎಂದು ನಿರ್ಧರಿಸಲು ಈ ಒಂದು ತಾರೀಕೇ ಆಧಾರ. ಮೊದಲ ಭೇಟಿಯಲ್ಲೇ ಎಚ್‌ಬಿ, ರಕ್ತದ ಗುಂಪು, ಮೂತ್ರ, ಸಕ್ಕರೆ, ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್-ಬಿ ಪರೀಕ್ಷೆ ಆಗಬೇಕು. ನಂಜು ಏರದಂತೆ ಟಿಡಿ ಚುಚ್ಚುಮದ್ದು ಒಂದು ತಿಂಗಳ ಅಂತರದಲ್ಲಿ ಎರಡು. ಸರ್ಕಾರದ ಲೆಕ್ಕದಲ್ಲಿ ಕನಿಷ್ಠ ನಾಲ್ಕು ತಪಾಸಣೆ, ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಎಂಟು. ಹದಿನೆಂಟರೊಳಗಿನವಳಿಗೆ ನಾಲ್ಕು ಸಾಲದು. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ವೈದ್ಯರೇ ಬಸುರಿಯರನ್ನು ಪುಕ್ಕಟೆಯಾಗಿ ನೋಡುತ್ತಾರೆ. ಆ ದಿನ ತಪ್ಪಿಸಬಾರದು.

ನಮ್ಮಲ್ಲೊಂದು ವಿಶೇಷ ತೊಡಕಿದೆ, ವೈದ್ಯಕೀಯ ಪುಸ್ತಕಗಳಲ್ಲಿ ಇದು ಸಿಗದು. ಚೊಚ್ಚಲ ಹೆರಿಗೆ ತವರಿನಲ್ಲಿ. ಏಳನೇ ತಿಂಗಳಿಗೆ ಕುಬಸ ಮಾಡಿ, ಮಡಿಲು ತುಂಬಿ ಹುಡುಗಿಯನ್ನು ತವರಿಗೆ ಕಳಿಸುತ್ತಾರೆ. ಅಲ್ಲಿಯವರೆಗೆ ನೋಡಿದ ಆಶಾ ಕಾರ್ಯಕರ್ತೆ, ಸಿಸ್ಟರ್, ವೈದ್ಯರು ಎಲ್ಲರೂ ಅಲ್ಲೇ ಉಳಿಯುತ್ತಾರೆ. ತಾಯಿ ಕಾರ್ಡೂ ಕೆಲವೊಮ್ಮೆ ಗಂಡನ ಮನೆಯ ಟ್ರಂಕಿನಲ್ಲೇ ಉಳಿದುಬಿಡುತ್ತದೆ. ಬಿಪಿ ಏರುವುದು, ಎಚ್‌ಬಿ ಇಳಿಯುವುದು, ಅವಧಿಗೆ ಮುಂಚೆ ನೋವು ಬರುವುದು ಇದೇ ಎರಡು ಮೂರು ತಿಂಗಳಲ್ಲಿ. ತವರಿನ ಊರಿನ ಆಶಾ ಕಾರ್ಯಕರ್ತೆಗೆ ಆಕೆ ಬಂದದ್ದೇ ಗೊತ್ತಿರುವುದಿಲ್ಲ. ತವರಿಗೆ ಕಳಿಸಬೇಡಿ ಎಂದು ನಾನು ಹೇಳುವುದಿಲ್ಲ. ಎಳೆಯ ಹುಡುಗಿಗೆ ಆ ದಿನಗಳಲ್ಲಿ ಅವ್ವನ ಮನೆಯಷ್ಟು ನೆಮ್ಮದಿ ಬೇರೆಲ್ಲೂ ಇಲ್ಲ. ಸೀರೆ, ಬಳೆ, ಬುತ್ತಿಯ ಜೊತೆಗೆ ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್, ಗುಳಿಗೆಗಳನ್ನೂ ಕಟ್ಟಿಕೊಡಿ. ತವರಿಗೆ ಹೋದ ವಾರದೊಳಗೆ ಅಲ್ಲಿಯ ಪಿಎಚ್‌ಸಿಗೆ ಕರೆದೊಯ್ದು ಕಾರ್ಡ್ ತೋರಿಸಿ.

ಊಟದ ಬಗ್ಗೆ ಇರುವ ಒಂದು ನಂಬಿಕೆ ಬಹಳ ಹಾನಿ ಮಾಡುತ್ತಿದೆ. ಹೊಟ್ಟೆ ತುಂಬ ಉಂಡರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆಂದು ಏಳನೇ ತಿಂಗಳಿನಿಂದ ಊಟ ಕಡಿಮೆ ಮಾಡಿಸುವವರಿದ್ದಾರೆ. ಸೊಂಟ ಚಿಕ್ಕದಿದ್ದರೆ ಉಪವಾಸದಿಂದ ಅದು ಅಗಲವಾಗುವುದಿಲ್ಲ, ಮಗು ಬಡಕಲಾಗುತ್ತದಷ್ಟೆ. ಒಂಬತ್ತು ತಿಂಗಳಲ್ಲಿ 9ರಿಂದ 11 ಕಿಲೋ ತೂಕ ಏರಬೇಕು. ಬಡಕಲು ಹುಡುಗಿಗೆ ಇನ್ನೂ ತುಸು ಹೆಚ್ಚು ಏರಿದರೂ ಒಳ್ಳೆಯದೇ. ದುಬಾರಿ ಹಣ್ಣು, ಪೌಡರ್ ಡಬ್ಬಿ ಬೇಕಿಲ್ಲ. ರಾಗಿ ಅಥವಾ ಜೋಳ, ಹೆಸರುಕಾಳು, ಹುರುಳಿ, ಶೇಂಗಾ, ನುಗ್ಗೆಸೊಪ್ಪು, ಮೊಟ್ಟೆ, ಹಾಲು, ಮಜ್ಜಿಗೆ ಸಾಕು. 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯಡಿ ಬಸುರಿ, ಬಾಣಂತಿಯರಿಗೆ ಅಂಗನವಾಡಿಯಿಂದ ಪೌಷ್ಟಿಕ ಊಟದ ಏರ್ಪಾಡಿದೆ. ನಾಲ್ಕು ಜನರೆದುರು ಹೋಗಲು ಹುಡುಗಿ ನಾಚಿದರೆ ಅತ್ತೆಯೋ ಅವ್ವನೋ ಜೊತೆಗೆ ಹೋಗಿ. ತಂದ ಮೊಟ್ಟೆ ಮನೆಯ ಗಂಡಸರ ತಟ್ಟೆಗೆ ಹೋಗದಂತೆ ನೋಡಿಕೊಳ್ಳುವುದೂ ಅವರ ಕೆಲಸವೇ.

ಹೆರಿಗೆ ಎಲ್ಲಿ

ಚಿಕ್ಕ ವಯಸ್ಸು ಎಂದ ಮಾತ್ರಕ್ಕೆ ಆಪರೇಷನ್ ಆಗಲೇಬೇಕೆಂದಿಲ್ಲ. ಬಹಳಷ್ಟು ಹುಡುಗಿಯರಿಗೆ ಸಹಜ ಹೆರಿಗೆಯೇ ಆಗುತ್ತದೆ. ಆದರೆ ಬೇಕಾದಾಗ ಆಪರೇಷನ್ ಮಾಡುವ, ರಕ್ತ ಕೊಡುವ ಅನುಕೂಲ ಅದೇ ಕಟ್ಟಡದಲ್ಲಿರಬೇಕು. ಅಂದರೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆ. 16ಕ್ಕಿಂತ ಕೆಳಗಿನವಳು, ಎತ್ತರ 145 ಸೆಂಟಿಮೀಟರಿಗಿಂತ ಕಡಿಮೆ ಇರುವವಳು, ಎಚ್‌ಬಿ ಕಡಿಮೆಯವಳು, ಬಿಪಿ ಇರುವವಳು ನೇರವಾಗಿ ಅಲ್ಲಿಗೇ ಹೋಗಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯರು ಯಾವಾಗಲೂ ಇರುತ್ತಾರೆಯೇ ಎಂದು ಎಂಟನೇ ತಿಂಗಳಲ್ಲೇ ವಿಚಾರಿಸಿ ಇಟ್ಟುಕೊಳ್ಳಿ. ನಡುರಾತ್ರಿ ನೋವು ಶುರುವಾದ ಮೇಲೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸುತ್ತುವುದು ತಪ್ಪುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಆಪರೇಷನ್, ಔಷಧ, ರಕ್ತ, ಊಟ, ಹೋಗಿಬರುವ ವಾಹನ ಎಲ್ಲವೂ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ಯಾರಾದರೂ ದುಡ್ಡು ಕೇಳಿದರೆ 104ಕ್ಕೆ ದೂರು ಕೊಡಿ.

ಊರಿನಲ್ಲಿ ಸೂಜಿ ಚುಚ್ಚುವವರಿಂದ ‘ನೋವು ಬರಿಸುವ ಇಂಜೆಕ್ಷನ್’ ಹಾಕಿಸಬೇಡಿ. ದಾರಿ ಚಿಕ್ಕದಿದ್ದು ನೋವು ಜೋರಾದರೆ ಗರ್ಭಕೋಶ ಒಡೆಯುತ್ತದೆ. ಇದನ್ನು ಆಸ್ಪತ್ರೆಯಲ್ಲೂ ಹನಿಹನಿ ಲೆಕ್ಕ ಹಾಕಿ ಕೊಡುತ್ತಾರೆ. ಮನೆಯಲ್ಲಿ ಕೊಡುವ ಮದ್ದಲ್ಲ ಇದು.

ಹೆರಿಗೆಯಾಗಿ ಮಗು ಅತ್ತ ಕೂಡಲೇ ಎಲ್ಲರೂ ನಿರಾಳವಾಗುತ್ತಾರೆ. ತಾಯಂದಿರ ಸಾವಿನಲ್ಲಿ ದೊಡ್ಡ ಪಾಲು ಆಗುವುದು ಹೆರಿಗೆಯ ನಂತರವೇ. ಕನಿಷ್ಠ 48 ಗಂಟೆ ಆಸ್ಪತ್ರೆ ಬಿಡಬೇಡಿ. ಬಟ್ಟೆ ಮೇಲೆ ಬಟ್ಟೆ ತೊಯ್ಯುವಷ್ಟು ರಕ್ತಸ್ರಾವ, ಚಳಿಜ್ವರ, ಕೆಟ್ಟ ವಾಸನೆಯ ಸ್ರಾವ, ಉಸಿರುಕಟ್ಟುವುದು, ತಲೆನೋವು, ಕಾಲಿನ ಮೀನಖಂಡದಲ್ಲಿ ಒಂದೇ ಕಡೆ ನೋವು ಮತ್ತು ಬಾವು ಇವು ಆರು ವಾರದವರೆಗೂ ಅಪಾಯದ ಲಕ್ಷಣಗಳೇ. ಫಿಟ್ಸ್ ಹೆರಿಗೆಯ ನಂತರವೂ ಬರಬಹುದು.

ಮಗುವಿಗೆ ಏನಾಗುತ್ತದೆ

37 ವಾರಕ್ಕೆ ಮುಂಚೆ ಹುಟ್ಟುವುದು, 2.5 ಕಿಲೋಗಿಂತ ಕಡಿಮೆ ತೂಗುವುದು ಎಳೆಯ ತಾಯಿಯ ಮಕ್ಕಳಲ್ಲಿ ಹೆಚ್ಚು. ಅಂಥ ಮಗುವಿನ ಮೈ ಬೇಗ ತಣ್ಣಗಾಗುತ್ತದೆ, ಮೊಲೆ ಚೀಪುವ ಶಕ್ತಿ ಇರುವುದಿಲ್ಲ, ಸೋಂಕು ಬೇಗ ತಗುಲುತ್ತದೆ. ಬದುಕಿ ಉಳಿದ ಮೇಲೂ ಬೆಳವಣಿಗೆ ಹಿಂದೆ ಬೀಳಬಹುದು. ಭಾರತದ 60 ಸಾವಿರದಷ್ಟು ತಾಯಿ-ಮಕ್ಕಳ ಮಾಹಿತಿಯನ್ನು ಪರಿಶೀಲಿಸಿ 2019ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದು ಪ್ರಕಟಿಸಿದ ಅಧ್ಯಯನದಲ್ಲಿ, ವಯಸ್ಕ ತಾಯಂದಿರ ಮಕ್ಕಳಿಗಿಂತ ಹದಿಹರೆಯದ ತಾಯಂದಿರ ಮಕ್ಕಳಲ್ಲಿ ಕುಳ್ಳಾಗಿ ಉಳಿಯುವವರು ಹೆಚ್ಚು ಎಂದು ಕಂಡಿತು. ತಾಯಿಯ ಶಾಲೆ ಅರ್ಧಕ್ಕೆ ನಿಂತದ್ದು, ಮನೆಯ ಬಡತನ, ಆಕೆಯ ಕಡಿಮೆ ತೂಕ ಇವೆಲ್ಲ ಅದಕ್ಕೆ ಕಾರಣವಾಗಿದ್ದವು.

ಮೈಸೂರಿನ ಒಂದು ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಜನ ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ತಾಯಿಯ ತೂಕ ಬರೆದಿಟ್ಟಿದ್ದರು. ದಶಕಗಳ ನಂತರ ಸಂಶೋಧಕರು ಆ ಮಕ್ಕಳನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷೆ ಮಾಡಿದರು. 1996ರಲ್ಲಿ ಫಲಿತಾಂಶ ಬಂತು. ಐದೂವರೆ ಪೌಂಡ್, ಅಂದರೆ ಎರಡೂವರೆ ಕಿಲೋ, ಇಲ್ಲವೇ ಅದಕ್ಕೂ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯರೋಗ ಹೆಚ್ಚಿತ್ತು. ತಾಯಿಯೂ ಬಸುರಿಯಾಗಿದ್ದಾಗ 100 ಪೌಂಡಿಗಿಂತ, ಅಂದರೆ ಸುಮಾರು 45 ಕಿಲೋಗಿಂತ, ಕಡಿಮೆ ತೂಗುತ್ತಿದ್ದವಳಾದರೆ ಇನ್ನೂ ಹೆಚ್ಚು. ಇಂದು 40 ಕಿಲೋ ತೂಗುವ 16ರ ಹುಡುಗಿಯ ಹೊಟ್ಟೆಯಲ್ಲಿರುವ ಮಗುವಿನ ಐವತ್ತನೇ ವಯಸ್ಸಿನ ಆರೋಗ್ಯವೂ ಈಗಲೇ ತೀರ್ಮಾನವಾಗುತ್ತಿರುತ್ತದೆ.

ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಡುವ ರೂಢಿ ಇರುವಲ್ಲಿ ಇನ್ನೊಂದು ಅಪಾಯ ಸೇರಿಕೊಳ್ಳುತ್ತದೆ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಹುಟ್ಟುನ್ಯೂನತೆಯ ಸಂಭವ ಹೆಚ್ಚು. ಸಂಬಂಧವನ್ನು ವೈದ್ಯರಿಗೆ ತಿಳಿಸಿ. ಐದನೇ ತಿಂಗಳ ಹೊತ್ತಿಗೆ ಮಾಡುವ ಸ್ಕ್ಯಾನಿಂಗ್ ಇಂಥವರಿಗೆ ಬಹು ಮುಖ್ಯ.

ತೂಕ ಕಡಿಮೆಯ ಮಗುವಿಗೆ ದುಬಾರಿ ಯಂತ್ರಕ್ಕಿಂತ ಮೊದಲು ಬೇಕಾದದ್ದು ತಾಯಿಯ ಎದೆ. ಮಗುವಿಗೆ ಟೊಪ್ಪಿಗೆ, ಲಂಗೋಟಿ ಮಾತ್ರ ಹಾಕಿ, ತಾಯಿಯ ಎರಡು ಮೊಲೆಗಳ ನಡುವೆ ಚರ್ಮಕ್ಕೆ ಚರ್ಮ ತಾಗುವಂತೆ ನೆಟ್ಟಗೆ ಮಲಗಿಸಿ, ಮೇಲೆ ಬಟ್ಟೆ ಕಟ್ಟುವ ಕಾಂಗರೂ ಆರೈಕೆಯಿಂದ ಮೈ ಬೆಚ್ಚಗಿರುತ್ತದೆ, ಹಾಲು ಕುಡಿಯುವುದು ಹೆಚ್ಚುತ್ತದೆ, ಸಾವು ಕಡಿಮೆಯಾಗುತ್ತದೆ. ಕೊಪ್ಪಳ ಜಿಲ್ಲೆಯಲ್ಲಿ ಇದನ್ನು ಆಸ್ಪತ್ರೆಯಿಂದ ಮನೆಯವರೆಗೂ ವ್ಯಾಪಕವಾಗಿ ರೂಢಿಸುವ ಪ್ರಯತ್ನ ನಡೆದು, ಹಳ್ಳಿಯ ಮನೆಗಳಲ್ಲೂ ಇದು ಸಾಧ್ಯವೆಂದು ತೋರಿತು. ತಾಯಿ ದಣಿದಾಗ ಅಜ್ಜಿ ಕಟ್ಟಿಕೊಳ್ಳಬಹುದು, ಅಪ್ಪನೂ ಕಟ್ಟಿಕೊಳ್ಳಬಹುದು. ‘ಇಷ್ಟು ಚಿಕ್ಕವಳಿಗೆ ಹಾಲೆಲ್ಲಿ ಬರುತ್ತದೆ’ ಎನ್ನಬೇಡಿ, ಬರುತ್ತದೆ. ಹುಟ್ಟಿದ ಗಂಟೆಯೊಳಗೆ ಗಿಣ್ಣುಹಾಲು ಕೊಡಿಸಿ. ಆಮೇಲೆ ಎರಡು ಗಂಟೆಗೊಮ್ಮೆ, ರಾತ್ರಿಯೂ ಕೊಡಬೇಕು. ಸಕ್ಕರೆ ನೀರು, ಜೇನುತುಪ್ಪ ಬೇಡ. ಬೀದಿಯಲ್ಲಿ ಕೂಗಿಕೊಂಡು ಬರುವ ಕತ್ತೆಹಾಲೂ ಬೇಡ. ಮಗು ಹಾಲು ಬಿಟ್ಟರೆ, ಅಂಗೈ ಅಂಗಾಲು ತಣ್ಣಗಾದರೆ ಅಥವಾ ಹಳದಿಯಾದರೆ, ನಿಮಿಷಕ್ಕೆ 60 ಬಾರಿ ಅಥವಾ ಅದಕ್ಕಿಂತ ಹೆಚ್ಚು ಉಸಿರೆಳೆದರೆ, ಜ್ವರ ಬಂದರೆ 108 ಕರೆಸಿ.

ಬಾಣಂತಿ ಪಥ್ಯದಲ್ಲೂ ಕೈ ಹಿಡಿತ ಬೇಡ. ಬರೀ ಬಿಳಿ ಅನ್ನ, ಕಾಳುಮೆಣಸಿನ ಸಾರು, ನೀರು ಕೊಟ್ಟರೆ ನೆಗಡಿ ಎಂಬ ಕಟ್ಟುಪಾಡು ಇನ್ನೂ ಇದೆ. ಪಾಲಿಶ್ ಮಾಡಿದ ಅಕ್ಕಿಯನ್ನೇ ತಿಂದ ಬಾಣಂತಿಯ ಹಾಲಿನಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ಕಡಿಮೆಯಾಗಿ ಎರಡು ಮೂರು ತಿಂಗಳ ಕೂಸು ಇದ್ದಕ್ಕಿದ್ದಂತೆ ಹೃದಯದ ತೊಂದರೆಯಿಂದ ಕುಸಿಯುವುದನ್ನು ನಮ್ಮ ರಾಜ್ಯದ ವೈದ್ಯರೂ ಕಂಡಿದ್ದಾರೆ. ಕಾಳು, ಸೊಪ್ಪು, ಬೇಳೆ, ಹೊಟ್ಟೆ ತುಂಬ ನೀರು ಕೊಡಿ. ಇದ್ದಿಲ ಹೊಗೆ ತುಂಬಿದ ಕೋಣೆಯಲ್ಲಿ ತಾಯಿ, ಮಗುವನ್ನು ಮುಚ್ಚಿಡಬೇಡಿ.

ಸಹಪಾಠಿಗಳು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯುತ್ತಿರುವಾಗ ತೊಟ್ಟಿಲು ತೂಗುತ್ತ ಕೂತ ಹುಡುಗಿಯ ಮನಸ್ಸು ಹೇಗಿರುತ್ತದೆಂದು ಯಾರೂ ಕೇಳುವುದಿಲ್ಲ. ಹೆರಿಗೆಯ ನಂತರದ ಖಿನ್ನತೆ ಎಳೆಯ ತಾಯಂದಿರಲ್ಲಿ ಹೆಚ್ಚು. ಕಾರಣವಿಲ್ಲದೆ ಅಳು, ಮಗುವನ್ನು ಮುಟ್ಟಲು ಮನಸ್ಸಿಲ್ಲದಿರುವುದು, ನಿದ್ದೆ ಬಾರದಿರುವುದು ಎರಡು ವಾರ ಮೀರಿದರೆ ಸೊಕ್ಕು ಎನ್ನಬೇಡಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಸಾಯುವ ಮಾತಾಡುತ್ತಿದ್ದರೆ ಎರಡು ವಾರವೂ ಕಾಯಬೇಡಿ.

ಕೇಸಿನ ಭಯ

ಕೇಸೇ ಆಗುವುದಿಲ್ಲ ಎಂದು ಹೇಳಿ ಆಸ್ಪತ್ರೆಗೆ ಕರೆದರೆ ಅದು ಸುಳ್ಳು. ಹದಿನೆಂಟರೊಳಗಿನವಳು ಬಸುರಿ ಎಂದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಮದುವೆಯಾಗಿದೆ ಎಂಬುದು ರಕ್ಷಣೆಯಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟಪಡಿಸಿತು. ಕರ್ನಾಟಕದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಹುಡುಗಿಯನ್ನು ಕಾಪಾಡಲೆಂದು ಮಾಡಿದ ಈ ವರದಿಯ ನಿಯಮವೇ ಹಲವರನ್ನು ಆಸ್ಪತ್ರೆಯಿಂದ ದೂರ ಇಡುತ್ತಿದೆ ಎಂಬುದು ನನ್ನ ಅಭಿಪ್ರಾಯ. ಆದರೆ ಅವಿತಿಟ್ಟರೂ ಹೆರಿಗೆಯ ದಿನ ಆಸ್ಪತ್ರೆಗೆ ಬರಲೇಬೇಕು, ಆಗ ವಯಸ್ಸು ಬಯಲಾಗಿಯೇ ಆಗುತ್ತದೆ. ಆ ಹೊತ್ತಿಗೆ ಎಚ್‌ಬಿ ಏರಿಸುವ, ಬಿಪಿ ಹಿಡಿಯುವ ಕಾಲ ಕಳೆದಿರುತ್ತದೆ. ವರದಿ ಮಾಡಿದರೂ ಚಿಕಿತ್ಸೆ ನಿಲ್ಲಿಸುವಂತಿಲ್ಲ, ಎಫ್‌ಐಆರ್ ತನ್ನಿ ಎಂದು ವಾಪಸು ಕಳಿಸುವಂತಿಲ್ಲ.

ಬಸಿರು ಬೇಡವೆಂದರೆ ಕಾನೂನಿನ ದಾರಿ ಇದೆ. 20 ವಾರದವರೆಗೆ ಒಬ್ಬ ವೈದ್ಯರ, 2021ರ ತಿದ್ದುಪಡಿಯ ನಂತರ ಅಪ್ರಾಪ್ತೆಯರಿಗೆ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತ ಮಾಡಿಸಿಕೊಳ್ಳಬಹುದು. ಅಪ್ರಾಪ್ತೆಯಾದರೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಮತ್ತು ಪೋಷಕರು ಕೇಳಿಕೊಂಡರೆ ವರದಿಯಲ್ಲಿ ಆಕೆಯ ಗುರುತು ಬಹಿರಂಗಪಡಿಸಬೇಕಿಲ್ಲ ಎಂದು 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಹೇಳಿದೆ. ಈ ಮಾತನ್ನು ಹೆಚ್ಚು ಜನರಿಗೆ ತಿಳಿಸಬೇಕು. ಮೆಡಿಕಲ್ ಶಾಪಿನಿಂದ ಗುಟ್ಟಾಗಿ ಗುಳಿಗೆ ತಂದು ನುಂಗಿಸುವುದು, ನಾಟಿಮದ್ದು ಹಾಕಿಸುವುದು ಇವೆರಡೂ ಜೀವಕ್ಕೆ ಕುತ್ತು. ತಿಂಗಳು ಹೆಚ್ಚಾಗಿದ್ದರೆ ಅರ್ಧಂಬರ್ಧ ಗರ್ಭಪಾತವಾಗಿ ರಕ್ತ ನಿಲ್ಲುವುದಿಲ್ಲ. ಬಸಿರು ಗರ್ಭನಾಳದಲ್ಲಿದ್ದರೆ ಗುಳಿಗೆ ಕೆಲಸ ಮಾಡುವುದಿಲ್ಲ, ನಾಳ ಒಡೆಯುತ್ತದೆ.

ಎರಡನೆಯದಕ್ಕೆ ಅವಸರ ಬೇಡ

ಮೊದಲನೆಯದು ಹೆಣ್ಣಾಯಿತೆಂದು ವರ್ಷದೊಳಗೆ ಮತ್ತೆ ಬಸುರಿ ಮಾಡುವುದು ನಮ್ಮಲ್ಲಿ ಹೊಸತಲ್ಲ. 17ಕ್ಕೊಂದು, 18ಕ್ಕೊಂದು ಹೆತ್ತರೆ ಮೈಯಲ್ಲಿ ರಕ್ತ ಕೂಡಿಬರುವುದೇ ಇಲ್ಲ. ಹೆರಿಗೆಯಾದ ಮೇಲೆ ಮುಂದಿನ ಬಸಿರಿಗೆ ಕನಿಷ್ಠ ಎರಡು ವರ್ಷದ ಅಂತರವಿರಲಿ. ಹೆರಿಗೆಯಾದ 48 ಗಂಟೆಯೊಳಗೆ ಆಸ್ಪತ್ರೆಯಲ್ಲೇ ಕಾಪರ್-ಟಿ ಹಾಕಿಸಬಹುದು, ಬೇಡವೆಂದಾಗ ತೆಗೆಸಬಹುದು. ವಾರದ ಗುಳಿಗೆ ಛಾಯಾ ಹಾಲುಣಿಸುವವರಿಗೂ ಆಗುತ್ತದೆ. ಮೂರು ತಿಂಗಳಿಗೊಮ್ಮೆ ಹಾಕುವ ಅಂತರಾ ಇಂಜೆಕ್ಷನ್ ಹದಿನೆಂಟರೊಳಗಿನವರಿಗೆ ಹೊಂದುತ್ತದೆಯೇ ಎಂದು ವೈದ್ಯರು ನೋಡಿ ಹೇಳಬೇಕು. ಕಾಂಡೋಮ್ ಎಲ್ಲ ಪಿಎಚ್‌ಸಿಯಲ್ಲೂ ಉಚಿತ. ಮುಟ್ಟು ಮತ್ತೆ ಶುರುವಾಗಿಲ್ಲ, ಹಾಗಾಗಿ ಬಸಿರು ನಿಲ್ಲುವುದಿಲ್ಲ ಎಂದು ನೆಚ್ಚಿಕೊಂಡು ಕೂರಬೇಡಿ.

ಅಪ್ರಾಪ್ತೆಯೊಬ್ಬಳ ಮದುವೆ ಇನ್ನೂ ಆಗಿಲ್ಲ, ಮಾತುಕತೆ ನಡೆದಿದೆ ಎಂದು ಗೊತ್ತಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಕರೆ ಮಾಡಿದವರ ಹೆಸರು ಹೊರಬರುವುದಿಲ್ಲ. ಶಾಲೆಗೆ ಹೋಗುವ ಹುಡುಗಿಯರಿಗೆ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆಯನ್ನು ಬಿಸಾಡದೆ ನುಂಗಲು ಹೇಳಿ. ಮುಟ್ಟು, ರಕ್ತಹೀನತೆ, ಲೈಂಗಿಕ ಆರೋಗ್ಯದ ಬಗ್ಗೆ ಕೇಳಲು ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್ ಇವೆ. ನಿಮ್ಮ ಓಣಿಯಲ್ಲಿ ಈಗಾಗಲೇ ಬಸುರಿಯಾದ ಎಳೆಯ ಹುಡುಗಿ ಇದ್ದರೆ ಆಡಿಕೊಳ್ಳುವ ಬದಲು, ಬರುವ 9ನೇ ತಾರೀಕು ಜೊತೆಗೂಡಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿ ಬಿಪಿ ಮತ್ತು ಎಚ್‌ಬಿ ನೋಡಿಸದೆ ವಾಪಸು ಬರಬೇಡಿ.